ಏಳನೆಯ ಹೆಜ್ಜೆ

ಬೆನ್ನಿಗೂ ಕಿವಿಯುಂಟು, ಸಂತೆಯಲ್ಲಿ ಮಾತ್ರ.
ಅವ್ವ ಕಲಿಸಿದ್ದು ಇಷ್ಟು:
ಬೆಲೆ ಕೇಳು, ಹುಬ್ಬು ಏರಿಸು,
ಅರ್ಧಕ್ಕಿಂತ ಚೂರು ಮೇಲೆ ಹೇಳು,
ಆಮೇಲೆ ನಡೆದುಬಿಡು.
ತಿರುಗಿ ನೋಡಬೇಡ. ಓಡಲೂಬೇಡ.
ಏಳನೆಯ ಹೆಜ್ಜೆಗೆ ಕರೆಯುತ್ತಾರೆ.

ವಿರಾಜಪೇಟೆಯ ಮೊಯ್ದು ಕಾಕನ ಬಟ್ಟೆಯಂಗಡಿಯಿಂದ
ಅವಳ ಸೀರೆಯ ಹಿಂದಿನ ನೆರಿಗೆ ಹಿಡಿದು
ನಾನೇ ಎಣಿಸಿದ್ದೇನೆ. ಐದು, ಆರು,
"ಓ ಅಮ್ಮಾ, ಬನ್ನಿ ಮಾರಾಯ್ತಿ, ತಕ್ಕೊಂಡು ಹೋಗಿ!"
ಅವ್ವನ ಮುಖದಲ್ಲಿ ಆಗ ಹಬ್ಬ.
(ಅವಳು ತೀರಿಕೊಂಡ ವರ್ಷ ಕಾಕ ಹೇಳಿದ್ದು:
"ನಿಮ್ಮವ್ವನಿಗೆ ಅಂತ ಇಪ್ಪತ್ತು ಸೇರಿಸಿಯೇ ಹೇಳ್ತಿದ್ದೆ.
ಇಲ್ಲದಿದ್ರೆ ಪಾಪ, ಇಳಿಸುವುದು ಎಲ್ಲಿಂದ?")

ಈ ಭಾನುವಾರ ಸಿದ್ದಾಪುರದ ಸಂತೆ.
ಕಕ್ಕಡದ ಮಳೆ ಬಿಟ್ಟ ಹಾಗೆ ಮಾಡಿ ಬಿಟ್ಟಿರಲಿಲ್ಲ.
ಒಣಮೀನಿನ ಸಾಲು ದಾಟಿ, ನೀಲಿ ಟಾರ್ಪಾಲಿನ ಅಂಚಲ್ಲಿ
ಗೋಣಿ ಹಾಸಿ ಕೂತಿದ್ದಳು.
ಮುಂದೆ ಐದೇ ಐದು ಕಣಿಲೆ,
ಬುಡದ ಮಣ್ಣು ಇನ್ನೂ ಹಸಿ.

"ಎಷ್ಟು?"
"ಒಂದಕ್ಕೆ ನೂರ ಇಪ್ಪತ್ತು."
"ಅಯ್ಯೋ! ಬಿದಿರು ನೀನು ನೆಟ್ಟದ್ದಾ? ಕಾಡಿನದ್ದಲ್ವಾ?"
"ಕಾಡಿನದ್ದೇ ಅಕ್ಕ. ಬೆಳಿಗ್ಗೆ ಆನೆಯೂ ಅಲ್ಲೇ ಇತ್ತು.
ಅದರ ಹತ್ರ ಚೌಕಾಸಿ ಮಾಡಿಯೇ ತಂದದ್ದು."
ಅವಳು ನಗಲಿಲ್ಲ. ನಾನೂ ನಗು ನುಂಗಿದೆ;
ನಕ್ಕರೆ ಹತ್ತು ರೂಪಾಯಿ ಹೋದ ಹಾಗೆ.
"ಎಪ್ಪತ್ತು," ಅಂದೆ.
ಎಲೆಯಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ದಾಟಿಸಿದಳು.
ಅದೇ ಉತ್ತರ.

ನಡೆದೆ.
ಒಂದು. ಎರಡು. ಕೊಡೆ ನೆಟ್ಟಗೆ, ಬೆನ್ನು ಬಿಗಿ.
ಮೂರು. ಯಾರದೋ ಕೋಳಿಬುಟ್ಟಿ ಎಡವಿ
ಎಣಿಕೆ ತಪ್ಪಿ, ಮತ್ತೆ ಮೂರು.
ಐದು, ಆರು. ಕೆಸರಲ್ಲಿ ಚಪ್ಪಲಿ ಸಿಕ್ಕಿತು;
ಒಳ್ಳೆಯದೇ ಆಯಿತು, ನಿಲ್ಲಲು ಒಂದು ನೆಪ.
ಏಳು.
ಟೊಮೆಟೊದವನು ಕೂಗಿದ. ಬೆಡ್‌ಶೀಟಿನವನು ಕೂಗಿದ.
ಇಲಿ ಪಾಷಾಣದ ಮೈಕು ಕೂಗಿದ್ದೇ ಕೂಗಿದ್ದು.
ಕರೆಯಬೇಕಾದ ದನಿ ಒಂದೇ ಇಲ್ಲ.

ಎಂಟನೆಯ ಹೆಜ್ಜೆಗೆ ಏನು ಮಾಡಬೇಕೆಂದು
ಅವ್ವ ಹೇಳಿಕೊಟ್ಟಿರಲಿಲ್ಲ.

ಬೇಡದ ಬಕೆಟ್ಟಿನ ಬೆಲೆ ಕೇಳಿದೆ. ಬೇಡದ ನೆತ್ತಿಲಿ ಮೂಸಿದೆ.
ಕೊಡೆ ರಿಪೇರಿಯವನ ಮುಂದೆ
ಸರಿಯಾಗಿಯೇ ಇದ್ದ ಕೊಡೆಯನ್ನು ಬಿಚ್ಚಿ, ಮುಚ್ಚಿ, ಬಿಚ್ಚಿ,
ಅವನೇ ಕೊನೆಗೆ "ಏನೂ ಆಗಿಲ್ಲ, ಹೋಗಿ" ಅಂದ.
ಬಾಯಲ್ಲಿ ಆಗಲೇ ಕಡಂಬುಟ್ಟು, ಕಣಿಲೆಯ ಗಸಿ.
ಎಡಗಡೆಯಿಂದ ಎರಡನೆಯದು, ಅದೇ ಎಳತು.
ಇಡೀ ಸಂತೆ ಸುತ್ತಿ, ದಾರಿ ತಪ್ಪಿದವಳ ಹಾಗೆ,
ಆಚೆ ತುದಿಯಿಂದ ಅವಳ ಗೋಣಿಯ ಮುಂದೆ ಬಂದೆ.

ಐದಿದ್ದದ್ದು ಎರಡಾಗಿತ್ತು.
ನೆಲ್ಯಹುದಿಕೇರಿ ಬಸ್ಸು ಬಂದು ಹೋಗಿತ್ತು.
"ನೂರ ಮೂವತ್ತು," ಅಂದಳು.
"ಆಗ ನೂರ ಇಪ್ಪತ್ತು ಅಂದಿದ್ದೆ!"
"ಆಗ ಐದಿತ್ತು."

ಆಮೇಲೆ ಹೋರಾಡಿದೆ ನೋಡಿ, ಅವ್ವನ ಆಣೆಗೂ.
ಬುಡ ಬಲಿತಿದೆ ಅಂದೆ. ಸುಲಿದರೆ ಮುಷ್ಟಿಯೂ ಉಳಿಯದು ಅಂದೆ.
ಪ್ರತಿ ವಾರ ನಿನ್ನ ಹತ್ತಿರವೇ ಬರುವವಳು ಅಂದೆ,
ಮುಖ ನೋಡಿದ್ದು ಅವತ್ತೇ ಮೊದಲು.
"ಆಯ್ತು ಹೋಗಿ, ಹತ್ತು ಬಿಟ್ಟೆ."
ನೋಟು ಮಡಚಿ ಸೊಂಟದ ಚೀಲಕ್ಕೆ ಇಳಿಸುವಾಗ
ಅವಳ ತುಟಿಯಂಚು ಅಲುಗಿತು,
ಎಲೆಯಡಿಕೆಗೋ, ನನಗೋ.

ಮನೆಯಲ್ಲಿ ಚಿಣ್ಣಪ್ಪ ಕೇಳಿದ, ಎಷ್ಟಾಯಿತು?
"ನೂರ ಮೂವತ್ತು ಹೇಳಿದಳು. ನೂರ ಇಪ್ಪತ್ತಕ್ಕೆ ಇಳಿಸಿದೆ."
ಒಂದಕ್ಷರವೂ ಸುಳ್ಳಲ್ಲ.
"ಭೇಷ್," ಅಂದ, "ಅವ್ವನ ಮಗಳು."

ರಾತ್ರಿ ಸುಲಿಯುತ್ತ ಕೂತೆ. ಪದರದ ಒಳಗೆ ಪದರ,
ಬೆರಳಿಗೆಲ್ಲ ತುರಿಸುವ ಸುಂಕು,
ಕಾಲ ಬುಡದಲ್ಲಿ ಸಿಪ್ಪೆಯ ಗುಡ್ಡೆ.
ಉಳಿದದ್ದು ಅಂಗೈಯಷ್ಟು ಬಿಳಿ.
ಹೆಚ್ಚಿ ನೀರಿಗೆ ಹಾಕಿದೆ. ಕಹಿ ಬಿಡಲು ಎರಡು ದಿನ ಬೇಕು.

ಹೆಸರು ಕೇಳಿರಲಿಲ್ಲ, ಬೆಲೆ ಮಾತ್ರ ಕೇಳಿದ್ದೆ.
ಮುಂದಿನ ಭಾನುವಾರ ಕೇಳಬೇಕು.
ಎಪ್ಪತ್ತು ಅನ್ನಬಾರದು.
ಎಂಬತ್ತರಿಂದ ಶುರು ಮಾಡಬೇಕು.