ಕುಲುಕಿ ನೋಡಬೇಕಿತ್ತು

ಅರಸೀಕೆರೆಯ ಪೇಟೆಬೀದಿಯಲ್ಲಿ ಹದಿನೇಳು ವರ್ಷ
ಪಿಗ್ಮಿ ಎತ್ತಿದವನು ನಾನು, ಪಾಲಾಕ್ಷ.
ದಿನಕ್ಕೆ ಇಪ್ಪತ್ತು, ಐವತ್ತು; ಸಂತೆಯ ದಿನ ನೂರು.
ಹೂವಿನ ಕೆಂಚಮ್ಮನ ನೋಟಿಗೆ ಸದಾ ನೀರಿನ ಪಸೆ,
ಗ್ಯಾರೇಜಿನ ದಸ್ತಗೀರನದಕ್ಕೆ ಗ್ರೀಸು.
ಮೂಸಿದರೆ ಸಾಕು, ಯಾರ ಖಾತೆ ಎಂದು ಹೇಳುತ್ತಿದ್ದೆ.
ಬ್ಯಾಂಕಿನೊಳಗೆ ಹೋದಮೇಲೆ ಅವಕ್ಕೆ ವಾಸನೆ ಇರುತ್ತಿರಲಿಲ್ಲ.

ಒಳಗೆ ನಡೆದದ್ದು ಈಗ ಎಲ್ಲರಿಗೂ ಗೊತ್ತು:
ಅಧ್ಯಕ್ಷರ ಭಾವಮೈದನ ನಾರಿನ ಕಾರ್ಖಾನೆಗೆ ಸಾಲ.
ಕಂತು ಬರಲಿಲ್ಲ.
ಮಾರ್ಚ್ ಮೂವತ್ತೊಂದರ ರಾತ್ರಿ
ಅವನ ಹೆಂಡತಿಯ ಹೆಸರಿಗೆ ಹೊಸ ಸಾಲ; ಹಳೆಯದು ಚುಕ್ತಾ.
ಮರುವರ್ಷ ಮಗನ ಹೆಸರಿಗೆ. ಆಮೇಲೆ ಡ್ರೈವರನ ಹೆಸರಿಗೆ.
ಕಾರ್ಖಾನೆಯ ಬಾಗಿಲಿಗೆ ಗೆದ್ದಲು ಹತ್ತಿದಾಗಲೂ
ಪುಸ್ತಕದಲ್ಲಿ ಅದು ಮೂರು ಪಾಳಿ ಓಡುತ್ತಿತ್ತು.

ಆಡಿಟರು ಬಂದರು. ತಟ್ಟೆ ಇಡ್ಲಿ ಮೆತ್ತಗಿದೆ ಅಂದರು.
'ಎ' ದರ್ಜೆ ಕೊಟ್ಟು ಸಂಜೆಯ ರೈಲು ಹತ್ತಿದರು.

ಮಹಾಸಭೆಯಲ್ಲಿ ಸದಸ್ಯರಿಗೆಲ್ಲ ಸ್ಟೀಲಿನ ಡಬ್ಬಿ.
ಲೆಕ್ಕಪತ್ರಕ್ಕೆ ಒಪ್ಪಿಗೆಯೇ ಎಂದು ಮೈಕು ಕೇಳಿದಾಗ
ಮೇಲೆದ್ದ ಕೈಗಳಲ್ಲಿ ಡಬ್ಬಿಗಳೂ ಇದ್ದವು;
ಕಿಟಕಿಯ ಬಿಸಿಲು ಬಿದ್ದು ವೇದಿಕೆಯವರ ಕಣ್ಣು ಕೋರೈಸಿತು.
ನನ್ನದೂ ಒಂದು. ಈಗ ಅದರಲ್ಲಿ ಸಾಸಿವೆ ಇದೆ.

ನಮ್ಮೂರಿಗೆ ಇದು ಗೊತ್ತಿಲ್ಲದ ವಿದ್ಯೆಯೇನಲ್ಲ.
ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯನ್ನು
ಮಂಡಿಯ ತಿಮ್ಮಕ್ಕ ಕಿವಿಯ ಬಳಿ ಹಿಡಿದು ಕುಲುಕುತ್ತಾಳೆ.
ಗಡಗಡ ಅಂದರೆ ಕೊಬ್ಬರಿ,
ಗುಳುಗುಳು ಅಂದರೆ ಇನ್ನೂ ನೀರು,
ಏನೂ ಅನ್ನದಿದ್ದರೆ ಕೊಳೆತದ್ದು.
ಹೊರಗಿನ ಚಿಪ್ಪು ಮೂರಕ್ಕೂ ಒಂದೇ.
ಇಷ್ಟು ತಿಳಿದ ನಾವು
ಬ್ಯಾಂಕನ್ನು ಮಾತ್ರ ಒಂದು ದಿನವೂ ಕುಲುಕಲಿಲ್ಲ.
ಬಡ್ಡಿ ಒಂದೂವರೆ ಹೆಚ್ಚು ಕೊಡ್ತಾರಲ್ಲ,
ಬಾಯಿ ಮುಚ್ಚಲು ಅಷ್ಟು ಸಾಕಾಗಿತ್ತು.

ಸೋಮವಾರ ಬೆಳಿಗ್ಗೆ ಚಹದಂಗಡಿಯಲ್ಲಿ ಯಾರೋ
"ಕ್ಯಾಷಿಲ್ಲವಂತೆ" ಅಂದರು.
ಆ ಗಳಿಗೆಯಲ್ಲಿ ಇತ್ತು, ಕ್ಯಾಷಿಯರ ಜೊತೆ ನಾನೇ ಎಣಿಸಿದ್ದೆ.
ಎಲ್ಲರೂ ನೋಡಲು ಬಂದರು, ಆಮೇಲೆ ಇರಲಿಲ್ಲ.

ಶಟರು ಅರ್ಧ ಇಳಿದಿತ್ತು. ಕೆಂಚಮ್ಮ ಬೈಯಲಿಲ್ಲ.
ಕಾರ್ಡು ಚಾಚಿ, "ಅಣ್ಣಾ,
ನಾನು ಕೊಟ್ಟಿದ್ದು ಬ್ಯಾಂಕಿಗಲ್ಲ, ನಿನಗೆ" ಅಂದಳು.
ಅವತ್ತಿನಿಂದ ನಾನು ಹೂವಿನ ಬೀದಿ ತಪ್ಪಿಸಿ ನಡೆದೆ,
ಎಂಟು ತಿಂಗಳು.

ಈಗ ಆಡಳಿತಾಧಿಕಾರಿ ಬಂದಿದ್ದಾರೆ. ವಿಮೆಯ ಹಣವೂ ಬಂತು, ಹಲವರಿಗೆ;
ಫಾರಂ ತುಂಬಿಕೊಟ್ಟವನು ನಾನೇ.
ಗೋಡೆಯ ಮೇಲೆ ಹೊಸ ನಿಯಮಗಳ ಫಲಕ:
ಸಾಲ ಕೊಡುವ ಕೈ, ತೆಗೆದುಕೊಳ್ಳುವ ಕೈ
ಒಂದೇ ತಟ್ಟೆಯಲ್ಲಿ ಉಣ್ಣಬಾರದು ಎಂಬುದನ್ನು
ಸರ್ಕಾರದ ಭಾಷೆಯಲ್ಲಿ ಹದಿನಾಲ್ಕು ಸಾಲು ಬರೆದಿದ್ದಾರೆ.
ಒಳ್ಳೆಯದೇ. ಫಲಕವೂ ಚಿಪ್ಪೇ, ಅಷ್ಟೆ.

ಈ ಸಲ ಸಭೆಯಲ್ಲಿ ಡಬ್ಬಿ ಇರಲಿಲ್ಲ.
ಖಾಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದೆವು.
ಕೆಂಚಮ್ಮ ಎದ್ದಳು. "ದೊಡ್ಡ ಸಾಲಗಾರರ ಹೆಸರು ಓದ್ರಿ."
"ಅದು ಗೋಪ್ಯ, ತಾಯಿ."
"ನನ್ನ ಇಪ್ಪತ್ತು ರೂಪಾಯಿ ಬೀದಿಗೆಲ್ಲ ಗೊತ್ತು.
ಅವರದ್ಯಾವ ಗೋಪ್ಯ?"

ಸಾಹೇಬರು ಕನ್ನಡಕ ಹುಡುಕಿದರು,
ನೀರು ಕುಡಿದರು, ಹಾಳೆ ತಿರುವಿದರು.
ಸಭೆಯಲ್ಲಿ ಸದ್ದೇ ಇಲ್ಲ.
ಮುಂದಿನ ಸಾಲಿನಲ್ಲಿ ತಿಮ್ಮಕ್ಕ
ಸೆರಗು ಸರಿಸಿ
ಕಿವಿ ಚಾಚಿ ಕೂತಿದ್ದಳು.