ಕೆಳಗೆ ಎಂದರೆ ಯಾವ ಕಡೆ

ತಾಲಿನ್ ಬಿಟ್ಟು ಸ್ಟಾಕ್‌ಹೋಮ್ ಮುಟ್ಟಲು ಒಂದು ರಾತ್ರಿ.
ನಾವು ಮಲಗುವುದು ಕಾರುಗಳ ಅಂತಸ್ತಿಗೂ ಕೆಳಗೆ,
ನೀರಿನ ಗೆರೆಗೂ ಕೆಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ.
ಮೇಲಿನ ಮಂಚ ವಿರ್ವೆಯದು, ಕೆಳಗಿನದು ನನ್ನದು.
ದಿನಕ್ಕೆ ಮೂವತ್ತನಾಲ್ಕು ಕ್ಯಾಬಿನ್ ಗುಡಿಸುತ್ತಾಳೆ ಅವಳು,
ನಾನು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತೇನೆ.

ಬೆನ್ನಿಗೆ ಮುಲಾಮು ಹಚ್ಚಿಸಿಕೊಂಡು
ಅವಳು ಲ್ಯಾಪ್‌ಟಾಪ್ ತೆರೆದಳೆಂದರೆ
ನನ್ನ ತಲೆಯ ಮೇಲೆ ಹಡಗುಕಟ್ಟೆ ಶುರು.
ಮೂರು ವರ್ಷದಿಂದ ಕಟ್ಟುತ್ತಿದ್ದಾಳೆ
ನಕ್ಷತ್ರಗಳ ನಡುವೆ ಓಡಾಡುವ ಒಂದು ಹಡಗು.
ಉಕ್ಕಿಲ್ಲ, ಬೆಸುಗೆಯಿಲ್ಲ. ಬಿಂದು, ಗೆರೆ,
ಗೆರೆಗಳು ಕೂಡಿದರೆ ಒಂದು ಮುಖ,
ಅಂಥ ನಾಲ್ಕು ಲಕ್ಷ ಮುಖ ಸೇರಿ ಒಂದು ಮೈ.

"ಅರ್ಧ ಕಟ್ಟಿದರೆ ಸಾಕು," ಅಂದಿದ್ದಳು ಮೊದಲ ಸಲ ತೋರಿಸಿದಾಗ,
"ಇನ್ನರ್ಧ ಕನ್ನಡಿಯೇ ಕಟ್ಟಿಕೊಳ್ಳುತ್ತದೆ."
ಎಡಕ್ಕೊಂದು ರೆಕ್ಕೆ ಎಳೆದಳು, ಬಲಕ್ಕೆ ತಾನೇ ಬಂತು.
ಎಡಕ್ಕೊಂದು ತೂತು ಕೊರೆದಳು, ಬಲಕ್ಕೂ ತೂತು.
ನನ್ನ ಕೆಲಸಕ್ಕೆ ಇಂಥ ಕನ್ನಡಿಯಿಲ್ಲ.
ಒಂದು ಆಲೂಗಡ್ಡೆ ಸುಲಿದರೆ ಒಂದೇ ಆಲೂಗಡ್ಡೆ.

ಒಂದು ರಾತ್ರಿ ಸುಮ್ಮನೆ ಕೇಳಿದೆ:
ಸಿಪ್ಪೆ ಎಲ್ಲಿಗೆ ಹೋಗುತ್ತದೆ ಮಾರಾಯ್ತಿ, ನಿನ್ನ ಹಡಗಿನಲ್ಲಿ?
ಅವಳ ಬೆರಳು ನಿಂತಿತು.
ಬೆಳಕಿಗಿಂತ ಚೂರೇ ನಿಧಾನವಾದ ಎಂಜಿನ್ನಿತ್ತು,
ನಾನೂರು ಜನಕ್ಕೆ ಹಾಸಿಗೆಯಿತ್ತು, ಕಪ್ತಾನನಿಗೆ ಗಾಜಿನ ಕೋಣೆ.
(ಫಿರಂಗಿ ಇರಲಿಲ್ಲ. "ಯಾರ ಮೇಲೆ?" ಅಂದಿದ್ದಳು.)
ಸಿಪ್ಪೆಗೆ ದಾರಿಯಿರಲಿಲ್ಲ.
ಪೊರಕೆ ಇಡಲು ಒಂದು ಗೂಡೂ ಇರಲಿಲ್ಲ, ಅದೂ ಅವಳ ಹಡಗಿನಲ್ಲಿ!
ನಾಚಿದಳು. ನಿಜಕ್ಕೂ, ಕಿವಿ ಕೆಂಪಾಯಿತು.

ಮಾರಿಯೆಹಾಮ್‌ನ ಬಂಡೆಗಳ ನಡುವೆ ಎಂಜಿನ್ನಿನ ದನಿ ತಗ್ಗುವ ಹೊತ್ತಿಗೆ
ಸಿಪ್ಪೆಗೊಂದು ಕೊಳವೆ ಬಂದಿತ್ತು, ಅದರ ಕೊನೆಗೆ ಟೊಮೇಟೊ ಪಾತಿ.
ಪ್ರತಿ ತಿರುವಿಗೂ ಪೊರಕೆಗೂಡು.
ಬಾಗಿಲು ಎಷ್ಟಗಲ ಬೇಕೆಂದು
ರಾತ್ರಿಯಂಗಿಯಲ್ಲೇ ಹೋಗಿ ತನ್ನ ತಳ್ಳುಗಾಡಿಯನ್ನು
ಗೇಣು ಹಾಕಿ ಅಳೆದು ಬಂದಳು.

"ನೆಲ ಒರೆಸಿದ ನೀರು ಅಲ್ಲಿ ಕೆಳಗಿಳಿಯುತ್ತದೆಯೆ?"
"ಕೆಳಗೆ ಎಂದರೆ ಯಾವ ಕಡೆ ಅಂತ ನಾನಿನ್ನೂ ತೀರ್ಮಾನಿಸಿಲ್ಲ."

ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ.
ಅದನ್ನೂ ಒಬ್ಬರು ತೀರ್ಮಾನಿಸುತ್ತಾರೆ, ಹಾಗಾದರೆ.
ಉಕ್ಕು ಕೊಯ್ಯುವ ಮೊದಲೇ ಯಾರೋ ಕೂತು,
ಕಾಫಿ ಆರಿಹೋಗಲು ಬಿಟ್ಟು,
ಇಲ್ಲಿ ನೀರಿನ ಗೆರೆ, ಇಲ್ಲಿ ಕಾರುಗಳು,
ಕಾರುಗಳ ಕೆಳಗೆ ಹೆಂಗಸರು
ಎಂದು ಹಾಳೆಯ ಮೇಲೆ ಬರೆದಿರುತ್ತಾರೆ.

ಬಣ್ಣಕ್ಕೆ ಬಂದಾಗ ಕನ್ನಡಿಯನ್ನು ಒಡೆದಳು.
ದಕ್ಕೆಗೆ ಒರಗುವ ಮಗ್ಗುಲೇ ಬೇರೆ,
ಅದಕ್ಕೆ ಗೀರು ಬೇಕು, ತುಕ್ಕು ಬೇಕು.
ನಮ್ಮ ಹಡಗಿನ ಸರಪಳಿ ಇಳಿಯುವ ತೂತಿನಡಿ
ಕರಗಿದ ಕಾಡಿಗೆಯಂತೆ ಸುರಿದ ಕಲೆಯನ್ನು
ಫೋಟೋ ಹಿಡಿದು ತಂದು ಅಂಟಿಸಿದಳು.
ಆಕಾಶದಲ್ಲಿ ತುಕ್ಕು ಹಿಡಿಯುತ್ತದೆಯೆ, ಅಂದೆ.
"ಇಲ್ಲ. ಆದರೆ ತುಕ್ಕಿಲ್ಲದಿದ್ದರೆ
ಯಾರೂ ಅದರಲ್ಲಿ ಹೋಗಿಬಂದ ಹಾಗೆ ಕಾಣುವುದಿಲ್ಲ."

ಒಂದೇ ಒಂದು ಚಿತ್ರ ಮೂಡಲು ಇಡೀ ರಾತ್ರಿ ಬೇಕಾಯಿತು.
ಕೋಣೆಗಿರುವುದು ಒಂದೇ ಪ್ಲಗ್ಗು, ನನ್ನ ಫೋನು ಸತ್ತಿತು.
ಲ್ಯಾಪ್‌ಟಾಪಿನ ಫ್ಯಾನು ಗೂರಲು ಹಿಡಿದವರಂತೆ ಎಳೆಯಿತು.
ಸ್ಟಾಕ್‌ಹೋಮ್ ಹತ್ತಿರವಾದಾಗ ಮಂಚ ಅಲುಗಿಸಿ ಎಬ್ಬಿಸಿದಳು:
ಕಪ್ಪಿನಲ್ಲಿ ನಿಂತಿತ್ತು ಅದು, ಮಗ್ಗುಲ ತುಂಬ ಕಿಟಕಿ.
ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ
(ಕೊನೆಗೂ ತೀರ್ಮಾನಿಸಿದ್ದಳು)
ಎರಡೇ ಎರಡು ಕಿಟಕಿಗೆ ದೀಪ.
ಒಂದರ ಪಕ್ಕ ಕಪ್ಪು ಮಚ್ಚೆ.
"ಥೂ, ಒಂದು ಮುಖ ಒಳಗುಹೊರಗಾಗಿದೆ," ಎಂದು
ಹೊಗಳುವುದಕ್ಕೂ ಬಿಡದೆ ಮುಚ್ಚಿಬಿಟ್ಟಳು.
ಹೆಸರು ಬರೆಯುವ ಜಾಗ ಇನ್ನೂ ಖಾಲಿ.

ಗಂಟೆಯಾಯಿತು. ಅವಳಿಗೆ ಮೂವತ್ತನಾಲ್ಕು ಕ್ಯಾಬಿನ್.
ನಾನು ಸಿಪ್ಪೆಯ ಚೀಲ ಹೊತ್ತು ಹೋಗಿ
ಗೋಡೆಯ ಮುಚ್ಚಳ ಎತ್ತಿ, ಕೈ ತಡೆದು ನಿಂತೆ.
ಒಂಬತ್ತು ವರ್ಷದಿಂದ ಎಸೆಯುತ್ತಿದ್ದೇನೆ ಇದರೊಳಗೆ.
ನನ್ನ ಸೊಂಟದ ಎತ್ತರಕ್ಕೇ ಇದೆ, ಬಗ್ಗಬೇಕಿಲ್ಲ.
ಆ ಹಾಳೆಯ ಮೇಲೆ ಇದನ್ನೂ ಯಾರೋ ಯೋಚಿಸಿದ್ದರು.
ಅವರನ್ನು ಅರ್ಧ ಕ್ಷಮಿಸಿದೆ.
ಇನ್ನರ್ಧಕ್ಕೆ ಕನ್ನಡಿಯಿಲ್ಲ.