ಮೇ ಹದಿನೈದು, ಎರಡು ಗಂಟೆ

ಸೂರ್ಯನನ್ನು ಎಲ್ಲಿ ಬೇಕಾದರೂ ಇಡಬಲ್ಲೆ ನಾನು.
ಒಂದು ಗುಂಡಿ ಎಳೆದರೆ ಮುಳುಗುತ್ತಾನೆ,
ಇನ್ನೊಂದು ಎಳೆದರೆ ಮೋಡ.
ಕಲಬುರಗಿಯ ಸೇಡಂ ರಸ್ತೆ, ಟೈರ್ ಅಂಗಡಿಯ ಮೇಲಿನ ಈ ಖೋಲಿಯಲ್ಲಿ
ಆರು ವರ್ಷದಿಂದ, ಇನ್ನೂ ಕಟ್ಟದ ಮನೆಗಳಿಗೆಲ್ಲ
ಸಂಜೆ ಐದೂವರೆಯ ಬಿಸಿಲು ಹಚ್ಚಿ ಕೊಟ್ಟಿದ್ದೇನೆ,
ಜೇನಿನ ಬಣ್ಣದ್ದು, ಯಾರನ್ನೂ ಸುಡದ್ದು.

ಬಿರಾದಾರರಿಗೂ ಅದೇ ಬೇಕಿತ್ತು. ತೊಗರಿ ವ್ಯಾಪಾರದವರು.
'ಲಾನ್ ಹಸರಗೆ ಇರ್ಲಿ, ಬಿಳೇ ಕಾರ್ ನಿಲ್ಲಸ್ರಿ,
ಗ್ಲಾಸಿನ್ಯಾಗ ಆಕಾಶ ಕಾಣಬೇಕು.'
ಕಾಣಿಸಿದೆ. ಮೇಪಲ್ ಎರಡು ನೆಟ್ಟೆ.
ಸಾಫ್ಟ್‌ವೇರಿನ ಗಂಟಿನಲ್ಲಿ ಇರುವುದೇ ಅವು: ಮೇಪಲ್, ಬರ್ಚ್, ಆಲಿವ್,
ಚೆರ್ರಿ, ಹೂ ಬಿಟ್ಟದ್ದು, ಬಿಡದ್ದು.

ಜೊತೆಗೆ ಬಂದಿದ್ದ ಸೋದರತ್ತೆ ತಂಗೆಮ್ಮ
ಆಪರೇಶನ್ನಿನ ಕಪ್ಪು ಕನ್ನಡಕ ಹಣೆಗೇರಿಸಿ ಕೇಳಿದರು:
'ಇದು ಯಾವಾಗಿನ ಬಿಸಲು, ನುಸ್ರತ್?'
ಸಂಜೀದು ಅಂದೆ.
'ಸಂಜಿಗಿ ಎಲ್ಲಾರ ಮನೀನೂ ಛಂದ ಕಾಣ್ತಾವ.
ಮಧ್ಯಾಹ್ನ ಎರಡಕ್ಕ ತೋರಸು.'

ಮೇ ಹದಿನೈದು, ಎರಡು ಗಂಟೆ.
ಅಕ್ಷಾಂಶ ಹದಿನೇಳು ಚಿಲ್ಲರೆ. ಎಂಟರ್ ಒತ್ತಿದೆ.
ಬಿಳಿ ಗೋಡೆ ಕಣ್ಣು ಕುಕ್ಕಿತು. ಗಾಜು ತನ್ನ ಬೆಂಕಿಯನ್ನೆಲ್ಲ
ಹೊಸ್ತಿಲಿಗೆ ಸುರಿಯಿತು. ಮೇಪಲ್‌ಗಳ ನೆರಳು
ಬುಡಕ್ಕೇ ಮುದುಡಿ ಕೂತಿತು, ಪರವೂರಿನವರ ಹಾಗೆ.
ಬಿರಾದಾರರು ಏಸಿಯ ರಿಮೋಟು ಹುಡುಕಿದರು.
'ಬಂದವ್ರು ಚಪ್ಪಲಿ ಬಿಟ್ಟು ಎಲ್ಲಿ ನಿಂದರಬೇಕು?' ಅಂದರು ತಂಗೆಮ್ಮ.
ನಾನು ಚಿತ್ರವನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದೆ.

ಆಮೇಲೆ ಒಳಮನೆ. ನೆಲಕ್ಕೆ ಶಹಾಬಾದ್ ಪರಸಿ.
ಈ ಪರಸಿ ನನ್ನದು. ಮೋಮಿನ್‌ಪುರದ ನಮ್ಮ ಮನೆ
ರಸ್ತೆ ಅಗಲವಾಗಲು ಹೋಗುವ ಹಿಂದಿನ ದಿನ
ಸ್ಟೂಲಿನ ಮೇಲೆ ನಿಂತು ತೆಗೆದ ಫೋಟೊ.
ನಾಕು ಫೂಟಿನ ಚೌಕ. ಅದನ್ನೇ ಹಾಸಿ ಹಾಸಿ
ಎಷ್ಟು ಜನರ ಪಡಸಾಲೆ, ಅಡುಗೆಮನೆ ತುಂಬಿಸಿದ್ದೇನೆ.
ಒಂದು ಮೂಲೆಗೆ ಅಮ್ಮಿಯ ಸೀಮೆಎಣ್ಣೆ ಸ್ಟೋವು ಸುಟ್ಟ ಗುರುತು,
ಬಳೆಯಷ್ಟು. ಅಳಿಸಿದ್ದೆ ಅಂದುಕೊಂಡಿದ್ದೆ.
ತಂಗೆಮ್ಮ ಸ್ಕ್ರೀನಿಗೆ ಬೆರಳಿಟ್ಟರು: 'ಇಲ್ಲಿ ಯಾರೋ ಒಲಿ ಹೂಡ್ಯಾರ.'
ಮತ್ತೆ: 'ಇಲ್ಲೂ.'
ಮತ್ತೆ: 'ಇಲ್ಲೂ.'
ಎಣಿಸಿದರೆ ಹದಿನಾಲ್ಕು ಒಲೆ, ಒಬ್ಬಳೇ ಅಮ್ಮಿ.

ಬೇವು ಸಿಗುವುದಿಲ್ಲ, ರೊಕ್ಕ ಕೊಟ್ಟರೂ.
ಯಾವುದೋ ದೇಶದ ಮರದ ಎಲೆ ಕಿತ್ತು ಅಂಚಿಗೆ ಗರಗಸ ಕೊರೆದು,
ಕೊಂಬೆ ಸೊಟ್ಟ ಮಾಡಿ, ಅಂಗಡಿ ಮುಂದಿನ ಬೇವಿನ ತೊಗಟೆಯ ಫೋಟೊ ಸುತ್ತಿ,
ಮೇಲೆ ಸೇಡಂ ರಸ್ತೆಯ ಧೂಳು ಎರಚಿದೆ,
ಶೇಕಡಾ ಮೂವತ್ತು. ಕಡಿಮೆ ಅನಿಸಿತು. ನಲವತ್ತು.
ಹುಲ್ಲು ತೆಗೆದೆ. ಮೋಟಾರಿನ ಪಕ್ಕ ಒಂದು ನೀಲಿ ಡ್ರಮ್ಮು ಇಟ್ಟೆ.
ನೆರಳಿನ ಲೆಕ್ಕಕ್ಕೆ ರಾತ್ರಿಯಿಡೀ ಬೇಕು:
ಎಲೆ ಎಲೆಯ ಸಂದಿಗೂ ಹೋಗಿ, ಕಿರಣ ಬಂತೇ
ಎಂದು ಕೇಳಿ ಬರಬೇಕು ಯಂತ್ರ.
ಆ ತಂಪು ಮಾಡುವಷ್ಟರಲ್ಲಿ ಖೋಲಿ ಎಷ್ಟು ಕಾದಿತ್ತೆಂದರೆ
ನಾನು ಹೊರಗೆ ಮೆಟ್ಟಿಲ ಮೇಲೆ ಮಲಗಿದೆ.

'ಗಿಡದ ಖರ್ಚು ಎಸ್ಟಿಮೇಟಿನ್ಯಾಗ ಇಲ್ಲಲ್ಲ' ಅಂದರು ಬಿರಾದಾರರು.
ಆದರೂ ಫ್ಲೆಕ್ಸ್ ಮಾಡಿಸಿದರು, ಹತ್ತು ಬೈ ಎಂಟು.

ನಾನು ಸೈಟಿಗೆ ಹೋದಾಗ ಎರಡು ದಾಟಿತ್ತು.
ಬೋರ್ಡಿನ ಹಿಂದೆ, ಅದರ ಸ್ವಂತ ನೆರಳಲ್ಲಿ,
ಗೌಂಡಿಯೂ ಅವನ ಹೆಂಡತಿಯೂ ಬುತ್ತಿ ಬಿಚ್ಚಿದ್ದರು,
ಜೋಳದ ರೊಟ್ಟಿ, ಪುಂಡಿಪಲ್ಯ.
ನನ್ನ ಬೇವು ಅವರಿಗೆ ಬೆನ್ನು ಮಾಡಿ ರಸ್ತೆ ನೋಡುತ್ತಿತ್ತು.

ಒಳಮನೆಯ ಚಿತ್ರ ಬಿರಾದಾರರ ಫೋನಿನಲ್ಲಿದೆ.
ಹದಿಮೂರು ಒಲೆ ಅಳಿಸಿ ಕೊಟ್ಟೆ.